ಸೋರುವ ದೋಣಿ, ಕಚ್ಚದ ಮೀನು

ಪ್ರಶ್ನೆ: ನಾನು ಕೆಂಗೇರಿಯವನು. ಒಂದು ರೆಸಾರ್ಟ್ ಮುಚ್ಚಿದಾಗ ಅವರ 12 ಅಡಿಯ ಹಳೆ ಫೈಬರ್ ದೋಣಿಯನ್ನು ಕೊಂಡೆ. ಬೇರೆ ಕಡೆಯಿಂದ 2.5 ಎಚ್‌ಪಿಯ ಹಳೆ ಟೂ ಸ್ಟ್ರೋಕ್ ಮೋಟಾರ್ ಸಿಕ್ಕಿತು. ಕನಕಪುರ ತಾಲ್ಲೂಕಿನ ನಮ್ಮ ಮಾವನವರ ಊರಿನ ಕೆರೆಯಲ್ಲಿ ಗಾಳ ಹಾಕಲು ಮೀನುಗಾರರ ಸಂಘದವರು ಒಪ್ಪಿದ್ದಾರೆ. ಹುಟ್ಟು ಹಾಕಿಕೊಂಡು ಹೋದರೆ ಗಂಟೆಗೆ ಎರಡು ಮಗ್ ನೀರು ಒಳಗೆ ಬರುತ್ತದೆ. ಮೋಟಾರ್ ಕಟ್ಟಿದರೆ ಅರ್ಧ ಬಕೆಟ್. ಸಿಲಿಕೋನ್ ಹಚ್ಚಿ ನೋಡಿದೆ, ನಿಲ್ಲಲಿಲ್ಲ. ಮೋಟಾರ್ ಐದು ನಿಮಿಷ ಓಡಿ ನಿಂತುಬಿಡುತ್ತದೆ. ಇಷ್ಟೆಲ್ಲ ಮಾಡಿ ಕೆರೆಯ ನಡುವೆ ಹೋದರೂ ಮೀನು ಕಚ್ಚುವುದಿಲ್ಲ. ಏರಿಯ ಮೇಲೆ ಕೂತ ಹುಡುಗರಿಗೆ ಮಾತ್ರ ಸಿಗುತ್ತದೆ. ಹತ್ತು ವರ್ಷದ ಮಗಳೂ ಬರುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಏನು ಮಾಡಲಿ?

ಉತ್ತರ: ಮೊದಲು ಮಗಳ ವಿಷಯ. ಸೋರಿಕೆ ನಿಲ್ಲುವವರೆಗೆ ಅವಳನ್ನು ಕರೆದುಕೊಂಡು ಹೋಗಬೇಡಿ. ಅರ್ಧ ಬಕೆಟ್ ನೀರಿಗೆ ದೋಣಿ ಮುಳುಗುವುದಿಲ್ಲ, ನಿಜ. ಆದರೆ ಆ ನೀರು ಸುಮ್ಮನೆ ಒಂದು ಕಡೆ ಕೂರುವುದಿಲ್ಲ. ನೀವು ಎಡಕ್ಕೆ ಬಾಗಿದರೆ ಅದೂ ಎಡಕ್ಕೆ ಓಡುತ್ತದೆ. ದೋಣಿ ವಾಲಿದ ಕಡೆಗೇ ಭಾರ ಸೇರಿ ಇನ್ನಷ್ಟು ವಾಲುತ್ತದೆ. ಮಗು ಮೀನು ನೋಡಲು ಎದ್ದು ನಿಲ್ಲುವುದು ಸರಿಯಾಗಿ ಅದೇ ಹೊತ್ತಿಗೆ.

ಇನ್ನು ಸೋರಿಕೆ. ಎಲ್ಲಿಂದ ಅನ್ನುವುದಕ್ಕೆ ನಿಮ್ಮ ಪತ್ರದಲ್ಲೇ ಸುಳಿವಿದೆ. ಮೋಟಾರ್ ಇಲ್ಲದಾಗ ಕಡಿಮೆ, ಇದ್ದಾಗ ಜಾಸ್ತಿ. ಮೋಟಾರ್ ಕಟ್ಟಿ, ಅದರ ಪಕ್ಕ ನೀವೂ ಕೂತರೆ ದೋಣಿಯ ಹಿಂಭಾಗ ನಾಲ್ಕೈದು ಬೆರಳು ಕೆಳಗೆ ಇಳಿಯುತ್ತದೆ. ಉಳಿದ ಹೊತ್ತಿನಲ್ಲಿ ನೀರಿನ ಮೇಲಿರುವ ಯಾವುದೋ ತೂತು ಆಗ ಮುಳುಗುತ್ತದೆ. ಅದು ಬಹುಮಟ್ಟಿಗೆ ಮೋಟಾರ್ ಕೂರುವ ಹಿಂದಿನ ಗೋಡೆಯಲ್ಲಿ, ಅಂದರೆ ಟ್ರಾನ್ಸಮ್‌ನಲ್ಲಿ, ಯಾವುದಾದರೂ ಬೋಲ್ಟಿನ ತೂತು ಇರಬೇಕು. ಹುಟ್ಟು ಹಾಕುವಾಗಲೂ ಬರುವ ಆ ಎರಡು ಮಗ್ ನೀರು ಬೇರೆ. ಅದು ನೀರು ಬಸಿಯುವ ಬಿರಡೆಯ ಸುತ್ತಲಿಂದ ಬರುತ್ತಿರಬಹುದು, ಇಲ್ಲವೇ ದೋಣಿಯ ಅಡಿಯ ನಡುಗೆರೆಯಿಂದ. ರೆಸಾರ್ಟ್ ದೋಣಿಗಳನ್ನು ವರ್ಷಗಟ್ಟಲೆ ಸಿಮೆಂಟ್ ಇಳಿಜಾರಿನ ಮೇಲೆ ಎಳೆದಿರುತ್ತಾರೆ. ಅಡಿಯ ಜೆಲ್‌ಕೋಟ್, ಅಂದರೆ ಹೊರಗಿನ ನುಣುಪು ಪದರ, ಸವೆದು ಒಳಗಿನ ಗಾಜಿನ ನಾರು ಬಿಸಿಲಿಗೆ ಬಿದ್ದಿರುತ್ತದೆ. ಮುಟ್ಟಿದರೆ ತೆಂಗಿನ ಸಿಪ್ಪೆಯ ಹಾಗೆ ಜುಂಗು ಜುಂಗಾಗಿ ಸಿಗುತ್ತದೆ.

ಊಹೆ ಸಾಲದು, ಕಣ್ಣಾರೆ ನೋಡಬೇಕು. ದೋಣಿಯನ್ನು ನೀರಿಗೆ ಇಳಿಸಿ ಹುಡುಕಬೇಡಿ, ನೀರನ್ನೇ ದೋಣಿಗೆ ಇಳಿಸಿ. ನಾಲ್ಕು ಹಳೆ ಕಾರಿನ ಟೈರ್‌ಗಳ ಮೇಲೆ ದೋಣಿಯನ್ನು ನೆಟ್ಟಗೆ ಕೂರಿಸಿ. ಹೊರಮೈಯನ್ನು ಬಟ್ಟೆಯಿಂದ ಒರೆಸಿ ಒಣಗಿಸಿ. ಅನುಮಾನ ಇರುವ ಕಡೆಗೆಲ್ಲ ಸೀಮೆಸುಣ್ಣದ ಪುಡಿ ಉದುರಿಸಿ ತೆಳ್ಳಗೆ ಸವರಿ. ಆಮೇಲೆ ಒಳಗೆ ನಾಲ್ಕು ಬೆರಳು ನೀರು ತುಂಬಿ. ಅದಕ್ಕಿಂತ ಜಾಸ್ತಿ ಬೇಡ, ಆ ಭಾರವನ್ನು ನೆಲದ ಮೇಲೆ ನಿಂತ ದೋಣಿ ತಾಳುವುದಿಲ್ಲ. ಅರ್ಧ ಗಂಟೆಯಲ್ಲಿ ಪುಡಿಯ ಮೇಲೆ ಒದ್ದೆಯ ಗೆರೆ ಮೂಡುತ್ತದೆ. ಅಲ್ಲೇ ಮಾರ್ಕರ್‌ನಲ್ಲಿ ಗುರುತು ಹಾಕಿ. ಟ್ರಾನ್ಸಮ್ ಪರೀಕ್ಷೆಗೆ ಮುಂಭಾಗದ ಕೆಳಗೆ ಇನ್ನೊಂದು ಟೈರ್ ಕೊಟ್ಟು ಎತ್ತರಿಸಿ, ನೀರು ಹಿಂದಕ್ಕೆ ಬರುವ ಹಾಗೆ ಮಾಡಿ.

ನೀವು ಹಚ್ಚಿದ ಸಿಲಿಕೋನ್ ಅನ್ನು ಪೂರ್ತಿ ತೆಗೆಯಬೇಕು. ಇದು ಬೇಸರದ ಕೆಲಸ, ಆದರೆ ಬಿಡುವ ಹಾಗಿಲ್ಲ. ಸಿಲಿಕೋನ್ ಇದ್ದ ಜಾಗಕ್ಕೆ ರೆಸಿನ್ (ಫೈಬರ್ ಕೆಲಸದ ಅಂಟು) ಆಗಲಿ ಬಣ್ಣವಾಗಲಿ ಕಚ್ಚುವುದಿಲ್ಲ. ಬರಿಗಣ್ಣಿಗೆ ಕಾಣದ ತೆಳು ಪೊರೆ ಉಳಿದರೂ ಸಾಕು, ಹೊಸ ಪದರ ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ಬ್ಲೇಡಿನಿಂದ ಕೆರೆದು, ಆಮೇಲೆ ಗ್ರೈಂಡರ್ ಹಿಡಿಯಿರಿ. ಮುಂದೆ ಎಲ್ಲಾದರೂ ಬೋಲ್ಟಿನ ಸುತ್ತ ಸೀಲ್ ಮಾಡಬೇಕಾದರೆ ಪಾಲಿಯುರೆಥೇನ್ ಸೀಲೆಂಟ್ ಕೇಳಿ. ಕಾರಿನ ಗಾಜು ಕೂರಿಸುವವರ ಹತ್ತಿರವೂ ಆ ಜಾತಿಯ ಅಂಟು ಇರುತ್ತದೆ.

ಈಗ ಟ್ರಾನ್ಸಮ್. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಹಳೆ ಫೈಬರ್ ದೋಣಿ ಕೊಳ್ಳುವವರು ಏಟು ತಿನ್ನುವುದು ಇಲ್ಲೇ. ಹೊರಗೆ ಫೈಬರ್, ಒಳಗೆ ಫೈಬರ್, ನಡುವೆ ಪ್ಲೈವುಡ್. ಬೋಲ್ಟಿನ ತೂತಿನಿಂದ ಒಳಗೆ ಸೇರಿದ ನೀರಿಗೆ ಹೊರಬರಲು ದಾರಿ ಇರುವುದಿಲ್ಲ. ಪ್ಲೈವುಡ್ ಅಲ್ಲೇ ಕೊಳೆಯುತ್ತದೆ. ಮೇಲಿನಿಂದ ನೋಡಿದರೆ ದೋಣಿ ಲಕ್ಷಣವಾಗಿಯೇ ಕಾಣುತ್ತದೆ. ಒಂದು ದಿನ ಮೋಟಾರ್ ಜೋರು ಮಾಡಿದಾಗ ಟ್ರಾನ್ಸಮ್ ಬಿರುಕು ಬಿಟ್ಟು ಮೋಟಾರ್ ಕೆರೆಯ ಪಾಲಾಗುತ್ತದೆ.

ಸುತ್ತಿಗೆಯ ಮರದ ಹಿಡಿಯಿಂದ ಇಡೀ ಹಿಂಭಾಗವನ್ನು ಅಂಗುಲ ಅಂಗುಲವಾಗಿ ತಟ್ಟುತ್ತಾ ಬನ್ನಿ. ಗಟ್ಟಿ ಇದ್ದ ಕಡೆ ಟಕ್ ಎಂದು ಬಿಗಿಯಾದ ಸದ್ದು ಬರುತ್ತದೆ. ಕೊಳೆತ ಕಡೆ ಬೊದ್ ಎನ್ನುತ್ತದೆ. ಹಲಸಿನ ಹಣ್ಣು ತಟ್ಟಿ ನೋಡಿದವರಿಗೆ ಈ ವ್ಯತ್ಯಾಸ ಹೇಳಿಕೊಡಬೇಕಿಲ್ಲ. ಅನುಮಾನ ಬಂದರೆ ಒಳಗಡೆಯಿಂದ, ಕೆಳಗಿನ ಅಂಚಿನ ಹತ್ತಿರ, 6 ಮಿ.ಮೀ. ಡ್ರಿಲ್‌ನಲ್ಲಿ ಒಂದೆರಡು ತೂತು ಹಾಕಿ. ಆಚೆಯ ಫೈಬರ್ ತೂತಾಗದ ಹಾಗೆ ನೋಡಿಕೊಳ್ಳಿ. ಹೊರಬರುವ ಮರದ ಪುಡಿ ತಿಳಿ ಬಣ್ಣದ್ದಾಗಿ ಒಣಗಿದ್ದರೆ ನೀವು ಪುಣ್ಯವಂತರು. ಕಪ್ಪಗೆ, ಒದ್ದೆಯಾಗಿ, ಕಾಫಿ ಚರಟದ ಹಾಗೆ ಬಂದರೆ ಒಳಗಿನ ಹಲಗೆ ಬದಲಾಯಿಸಲೇಬೇಕು.

ಕೆಲವು ವರ್ಷಗಳ ಹಿಂದೆ ನನ್ನದೇ ದೋಣಿಗೆ ಹೀಗಾಗಿತ್ತು. ನಾನು ಊರಿನಲ್ಲಿ ಇರಲಿಲ್ಲ. ಫೈಬರ್ ಕೆಲಸದವರೊಬ್ಬರಿಗೆ ಒಪ್ಪಿಸಿದೆ. ಅವರು ಒದ್ದೆ ಹಲಗೆಯ ಮೇಲೇ ಗಾಜಿನ ನಾರಿನ ಹೊಸ ಮ್ಯಾಟ್ ಹಾಸಿ, ಬಣ್ಣ ಹೊಡೆದು, ಹೊಳೆಯುವ ಹಾಗೆ ಮಾಡಿ ಕೊಟ್ಟರು. ಎಂಟು ತಿಂಗಳಿಗೆ ಆ ಪದರ ಪೂರ್ತಿ ಎದ್ದು ಬಂತು. ಎರಡನೇ ಸಲ ಮಾಡಿಸಲು ಮೊದಲಿಗಿಂತ ಜಾಸ್ತಿ ಖರ್ಚಾಯಿತು, ಏಕೆಂದರೆ ಮೊದಲ ಕೆಲಸವನ್ನು ಕಿತ್ತು ತೆಗೆಯುವುದೇ ದೊಡ್ಡ ಕೆಲಸವಾಗಿತ್ತು. ಅದಕ್ಕೇ ಹೇಳುತ್ತಿದ್ದೇನೆ, ನೀವೇ ಮಾಡಿ ಅಥವಾ ಬೇರೆಯವರಿಂದ ಮಾಡಿಸಿ, ಒಣಗಿದೆಯಾ ಎಂದು ಮಾತ್ರ ನೀವೇ ನೋಡಿ. ಪರೀಕ್ಷೆ ಸುಲಭ. ಒಂದು ಅಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಮರದ ಮೇಲೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಬಿಸಿಲಿಗೆ ಬಿಡಿ. ಸಂಜೆಗೆ ಹಾಳೆಯ ಒಳಗೆ ಬೆವರಿನ ಹನಿ ಕಂಡರೆ ಇನ್ನೂ ಒದ್ದೆ ಇದೆ. ಹನಿ ಕಾಣದ ದಿನ ಕೆಲಸ ಶುರು ಮಾಡಿ.

ಹೊಸ ಹಲಗೆಗೆ ಸಾಮಾನ್ಯ ಕಮರ್ಷಿಯಲ್ ಪ್ಲೈ ತರಬೇಡಿ. ಐಎಸ್ 710 ಎಂದು ಮುದ್ರೆ ಇರುವ ಮರೀನ್ ಪ್ಲೈವುಡ್ ಕೇಳಿ. ಅಡುಗೆಮನೆಯ ಕಪಾಟಿಗೂ ಅದನ್ನು ಹಾಕುವುದರಿಂದ ಬೆಂಗಳೂರಿನಲ್ಲಿ ಹುಡುಕಾಡಬೇಕಿಲ್ಲ. 18 ಮಿ.ಮೀ.ನ ಎರಡು ಹಲಗೆಗಳನ್ನು ಎಪಾಕ್ಸಿ ಅಂಟು ಹಚ್ಚಿ ಒಂದರ ಮೇಲೊಂದು ಕೂಡಿಸಿ. ಅಂಚುಗಳಿಗೆ ಎರಡು ಸಲ ಎಪಾಕ್ಸಿ ಕುಡಿಸಿ, ಪ್ಲೈವುಡ್ ನೀರು ಹೀರುವುದು ಅಂಚಿನಿಂದಲೇ. ಬೋಲ್ಟಿನ ತೂತಿಗೆ ಒಂದು ಉಪಾಯ ಇದೆ. ಬೇಕಾದದ್ದಕ್ಕಿಂತ ದೊಡ್ಡ ತೂತು ಕೊರೆಯಿರಿ. ಅದನ್ನು ಎಪಾಕ್ಸಿಯಿಂದ ಪೂರ್ತಿ ತುಂಬಿ ಗಟ್ಟಿಯಾಗಲು ಬಿಡಿ. ಆಮೇಲೆ ಅದರ ನಡುವೆ ಬೋಲ್ಟಿನ ಅಳತೆಗೆ ಮತ್ತೆ ಕೊರೆಯಿರಿ. ಈಗ ಬೋಲ್ಟ್ ಮರವನ್ನು ಮುಟ್ಟುವುದೇ ಇಲ್ಲ. ನಾಳೆ ಸೀಲೆಂಟ್ ಹೋದರೂ ನೀರು ಮರಕ್ಕೆ ಸೇರುವುದಿಲ್ಲ.

ಅಡಿಯ ಸವೆತಕ್ಕೆ ಪಾಲಿಯೆಸ್ಟರ್ ರೆಸಿನ್ ಮತ್ತು ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್ ಸಾಕು. ಬಿರುಕಿನ ಎರಡೂ ಬದಿ ಗ್ರೈಂಡರ್‌ನಲ್ಲಿ ತಟ್ಟೆಯ ಅಂಚಿನ ಹಾಗೆ ಇಳಿಜಾರು ಮಾಡಿ. ಪದರದ ದಪ್ಪ ಎಷ್ಟೋ ಅದರ ಹನ್ನೆರಡು ಪಟ್ಟು ಅಗಲದ ಇಳಿಜಾರು ಬೇಕು. ಬಿರುಕಿನ ಮೇಲೆ ಸುಮ್ನೆ ಒಂದು ಪಟ್ಟಿ ಅಂಟಿಸಿದರೆ ಮುಂದಿನ ಕಲ್ಲಿಗೆ ಅದು ಕಿತ್ತು ಬರುತ್ತದೆ.

ಇಲ್ಲಿ ಒಂದು ಎಚ್ಚರಿಕೆ, ದಯವಿಟ್ಟು ಎರಡು ಸಲ ಓದಿ. ರೆಸಿನ್ ಜೊತೆ ಎರಡು ಸಣ್ಣ ಬಾಟಲಿ ಕೊಡುತ್ತಾರೆ. ನೇರಳೆ ಬಣ್ಣದ್ದು ಕೋಬಾಲ್ಟ್, ನೀರಿನಂತಿರುವುದು ಹಾರ್ಡ್‌ನರ್. ಇವೆರಡನ್ನೂ ನೇರವಾಗಿ ಒಂದಕ್ಕೊಂದು ಬೆರೆಸಬೇಡಿ. ಬೆಂಕಿ ಹೊತ್ತುತ್ತದೆ, ಸಿಡಿಯಲೂಬಹುದು. ಮೊದಲು ಕೋಬಾಲ್ಟನ್ನು ರೆಸಿನ್‌ಗೆ ಹಾಕಿ ಪೂರ್ತಿ ಕಲಸಿ. ಆಮೇಲೆ ಹಾರ್ಡ್‌ನರ್. ಎರಡಕ್ಕೂ ಬೇರೆ ಬೇರೆ ಚಮಚ ಇಟ್ಟುಕೊಳ್ಳಿ. ಕೆಲವು ಅಂಗಡಿಗಳಲ್ಲಿ ಕೋಬಾಲ್ಟ್ ಮೊದಲೇ ಬೆರೆಸಿದ ರೆಸಿನ್ ಸಿಗುತ್ತದೆ. ಅದನ್ನೇ ಕೇಳಿ ತನ್ನಿ. ಒಂದು ಕೆ.ಜಿ. ರೆಸಿನ್‌ಗೆ 15ರಿಂದ 20 ಮಿ.ಲೀ. ಹಾರ್ಡ್‌ನರ್ ಸಾಮಾನ್ಯ ಅಳತೆ. ಒಂದೇ ಸಲ ಒಂದು ಕೆ.ಜಿ. ಕಲಸಬೇಡಿ, ಹಚ್ಚಿ ಮುಗಿಸುವ ಮುಂಚೆ ಡಬ್ಬಿಯಲ್ಲೇ ಬಿಸಿಯಾಗಿ ಹೆಪ್ಪುಗಟ್ಟುತ್ತದೆ. ಕಾಲು ಕೆ.ಜಿ. ಸಾಕು. ಗಾಜಿನ ಪುಡಿ ಮೈಗೆ ಹತ್ತಿದರೆ ರಾತ್ರಿಯೆಲ್ಲ ತುರಿಕೆ. ತುಂಬುತೋಳಿನ ಅಂಗಿ, ಕನ್ನಡಕ, ಒಳ್ಳೆ ಮಾಸ್ಕ್ ಬೇಕು. ಕೆಲಸ ಮುಗಿದ ಮೇಲೆ ಮೊದಲು ತಣ್ಣೀರಿನಲ್ಲಿ ತೊಳೆದುಕೊಳ್ಳಿ.

ನಿಮ್ಮ ಪತ್ರ ಜನವರಿಯಲ್ಲಿ ಬಂದಿರುವುದು ಒಳ್ಳೆಯದಾಯಿತು. ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಜನವರಿಯಿಂದ ಮಾರ್ಚ್‌ವರೆಗಿನ ಒಣಹವೆಗಿಂತ ಒಳ್ಳೆಯ ಕಾಲ ಇಲ್ಲ. ಆದರೆ ಬೆಳಗಿನ ಚಳಿಯಲ್ಲಿ ರೆಸಿನ್ ಗಟ್ಟಿಯಾಗಲು ತಡವಾಗುತ್ತದೆ, ಇಬ್ಬನಿಯ ತೇವವೂ ಇರುತ್ತದೆ. ಹನ್ನೊಂದು ಗಂಟೆಗೆ ಶುರು ಮಾಡಿ ನಾಲ್ಕಕ್ಕೆ ಮುಗಿಸಿ.

ಮೋಟಾರಿಗೆ ಬರೋಣ. ಐದು ನಿಮಿಷ ಓಡಿ ನಿಲ್ಲುತ್ತದೆ ಅಂದಿರಿ. ಪ್ಲಗ್, ಕಾರ್ಬೊರೇಟರ್ ಎಂದು ಬಿಚ್ಚುವ ಮುಂಚೆ ಟ್ಯಾಂಕಿನ ಮುಚ್ಚಳ ನೋಡಿ. ಈ ಸಣ್ಣ ಮೋಟಾರ್‌ಗಳಲ್ಲಿ ಟ್ಯಾಂಕ್ ಮೋಟಾರಿನ ತಲೆಯ ಮೇಲೇ ಇರುತ್ತದೆ. ಮುಚ್ಚಳದ ನಡುವೆ ಗಾಳಿ ಹೋಗಲು ಒಂದು ಪುಟ್ಟ ತಿರುಪು ಇರುತ್ತದೆ. ಸಾಗಿಸುವಾಗ ಪೆಟ್ರೋಲ್ ಚೆಲ್ಲಬಾರದು ಎಂದು ಅದನ್ನು ಮುಚ್ಚುತ್ತಾರೆ, ಓಡಿಸುವಾಗ ತೆರೆಯಬೇಕು. ತೆರೆಯದಿದ್ದರೆ ಪೆಟ್ರೋಲ್ ಇಳಿದಂತೆ ಟ್ಯಾಂಕಿನ ಒಳಗೆ ಗಾಳಿಯಿಲ್ಲದೆ ಬಿಗಿಯಾಗುತ್ತದೆ, ಐದು ನಿಮಿಷಕ್ಕೆ ಪೆಟ್ರೋಲ್ ಇಳಿಯುವುದೇ ನಿಂತುಹೋಗುತ್ತದೆ. ಮುಂದಿನ ಸಲ ನಿಂತ ಕೂಡಲೇ ಮುಚ್ಚಳ ಸಡಿಲಿಸಿ. ಸ್ಸ್ ಎಂದು ಗಾಳಿ ಒಳಗೆ ಎಳೆದುಕೊಂಡು, ಮೋಟಾರ್ ಮತ್ತೆ ಹತ್ತಿದರೆ ರೋಗ ಅದೇ.

ಅಲ್ಲದಿದ್ದರೆ ಹಳೆ ಪೆಟ್ರೋಲಿನ ಕೆಲಸ. ಈಗ ನಮ್ಮ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇ 20ರಷ್ಟು ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ದಿನವೂ ಓಡುವ ಸ್ಕೂಟರಿಗೆ ಅದು ಗೊತ್ತಾಗುವುದಿಲ್ಲ. ತಿಂಗಳಿಗೊಮ್ಮೆ ಓಡುವ ಮೋಟಾರಿನಲ್ಲಿ ನೀರು ಬೇರೆಯಾಗಿ ತಳಕ್ಕೆ ಕೂರುತ್ತದೆ, ಹಳೆ ರಬ್ಬರ್ ಪೈಪ್ ಮೆತ್ತಗಾಗಿ ಉದುರುತ್ತದೆ. ಆ ಚೂರುಗಳೇ ಕಾರ್ಬೊರೇಟರಿನ ಸೂಜಿ ತೂತಿಗೆ ಸಿಕ್ಕಿಕೊಳ್ಳುತ್ತವೆ. ಪೈಪನ್ನು ಎಥನಾಲ್ ತಡೆಯುವಂಥದ್ದಕ್ಕೆ ಬದಲಾಯಿಸಿ. ಆ ದಿನಕ್ಕೆ ಬೇಕಾದಷ್ಟೇ ಪೆಟ್ರೋಲಿಗೆ ಎಣ್ಣೆ ಬೆರೆಸಿ. ವಾಪಸ್ ಬರುವಾಗ ದಡ ಮುಟ್ಟುವ ಮುಂಚೆ ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬೊರೇಟರ್ ಒಣಗಿ ತಾನಾಗಿ ನಿಲ್ಲುವವರೆಗೆ ಓಡಿಸಿ. ಎಣ್ಣೆ ಎಷ್ಟು ಎನ್ನುವುದನ್ನು ಮೋಟಾರಿನ ಮೇಲಿನ ಫಲಕ ನೋಡಿ ನಿರ್ಧರಿಸಿ. 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿ.ಲೀ. ತುಂಬಾ ಹಳೆಯದಾದರೆ ಅದಕ್ಕಿಂತ ಜಾಸ್ತಿ ಕೇಳಬಹುದು. ನೀರಿನಿಂದ ತಣಿಯುವ ಮೋಟಾರ್ ಆದರೆ ಡಬ್ಬಿಯ ಮೇಲೆ ಟಿಸಿ-ಡಬ್ಲ್ಯೂ3 ಎಂದು ಇರುವ ಎಣ್ಣೆಯೇ ಬೇಕು, ಸ್ಕೂಟರಿನ 2ಟಿ ಎಣ್ಣೆ ಅದಕ್ಕಲ್ಲ.

ಅಂಥ ಮೋಟಾರಿನ ಹಿಂದೆ ಒಂದು ಸಣ್ಣ ನೀರಿನ ಧಾರೆ ಚಿಮ್ಮುತ್ತಿರಬೇಕು. ಆಗಾಗ ಅದರ ಮೇಲೆ ಕಣ್ಣಿಡಿ. ಧಾರೆ ನಿಂತರೆ ಕೂಡಲೇ ಆಫ್ ಮಾಡಿ. ನಮ್ಮ ಕೆರೆಗಳಲ್ಲಿ ಪಂಪು ಕೆಡುವುದಕ್ಕಿಂತ ಪ್ಲಾಸ್ಟಿಕ್ ಕವರ್ ಸುತ್ತಿಕೊಳ್ಳುವುದೇ ಜಾಸ್ತಿ. ಪ್ರೊಪೆಲ್ಲರ್ ಬಿಚ್ಚಿ ಒಳಗೆ ಗಾಳದ ದಾರ ಸುತ್ತಿದೆಯಾ ಎಂದೂ ನೋಡಿ. ದಾರ ಒಳಗಿನ ಸೀಲನ್ನು ಕುಯ್ಯುತ್ತದೆ. ಗೇರ್ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಆಗಲೇ ಒಳಗೆ ಹೋಗಿದೆ ಎಂದು ಅರ್ಥ.

ಇನ್ನು ನನಗೆ ಬಹಳ ಇಷ್ಟದ ವಿಷಯ. ಏರಿಯ ಹುಡುಗರಿಗೆ ಸಿಗುವ ಮೀನು ನಿಮಗೇಕೆ ಸಿಗುವುದಿಲ್ಲ?

ಆ ಹುಡುಗರು ಕೂತ ಜಾಗ ನೋಡಿ. ನಮ್ಮ ಕೆರೆಗಳು ಬೋಗುಣಿಯ ಹಾಗಿಲ್ಲ, ಮೊರದ ಹಾಗಿವೆ. ನೀರು ಒಳಬರುವ ಕಡೆ ತೆಳು, ಏರಿಯ ಕಡೆ ಆಳ. ತೂಬಿನ ಹತ್ತಿರ ಎಲ್ಲಕ್ಕಿಂತ ಆಳ. ಬಿಸಿಲೇರಿದ ಮೇಲೆ ದೊಡ್ಡ ಮೀನು ಸೇರುವುದು ಅಲ್ಲಿಗೇ. ದೋಣಿ ಸಿಕ್ಕಿದ ಕೂಡಲೇ ಎಲ್ಲರೂ ಕೆರೆಯ ನಡುವೆ ಹೋಗುತ್ತಾರೆ. ನಡುವೆ ಇರುವುದು ಬರೀ ನೀರು. ಮೀನಿಗೆ ಬೇಕಾದದ್ದು ಅಂಚು. ಜೊಂಡಿನ ಅಂಚು, ಅಂತರಗಂಗೆಯ ಅಂಚು, ಮುಳುಗಿದ ಜಾಲಿ ಮರದ ನೆರಳು, ತೆಳು ನೀರು ಆಳಕ್ಕೆ ಇಳಿಯುವ ಗೆರೆ. ಗಾಳಿ ಯಾವ ದಡಕ್ಕೆ ಬೀಸುತ್ತಿದೆಯೋ ಆ ದಡಕ್ಕೆ ತೇಲುವ ಸೂಕ್ಷ್ಮ ಜೀವಿಗಳೂ ಸೇರುತ್ತವೆ, ಹಿಂದೆಯೇ ಮೀನೂ ಬರುತ್ತದೆ. ದೋಣಿಯ ದೊಡ್ಡ ಲಾಭ ಎಂದರೆ ದಡದಿಂದ ಮುಟ್ಟಲಾಗದ ಜೊಂಡಿನ ಆಚೆಯ ಅಂಚಿಗೆ ಗಾಳ ಇಳಿಸಬಹುದು. ಅದರಿಂದ 15-20 ಮೀಟರ್ ದೂರ ನಿಂತು ಅದರ ಕಡೆಗೆ ಎಸೆಯಿರಿ.

ಎರಡನೆಯದು ಸದ್ದು. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,480 ಮೀಟರ್ ಓಡುತ್ತದೆ, ಗಾಳಿಯಲ್ಲಿ ಓಡುವುದಕ್ಕಿಂತ ನಾಲ್ಕು ಪಟ್ಟು ಜಾಸ್ತಿ. ಅದರ ಮೇಲೆ, ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ, ಇವೆಲ್ಲ ಒಂದೇ ಕುಟುಂಬದ ಮೀನುಗಳು. ಇವುಗಳ ಹೊಟ್ಟೆಯೊಳಗಿನ ಗಾಳಿಚೀಲಕ್ಕೂ ಕಿವಿಗೂ ನಡುವೆ ಪುಟ್ಟ ಮೂಳೆಗಳ ಸರಪಳಿ ಇದೆ. ಗಾಳಿಚೀಲ ತಮಟೆಯ ಚರ್ಮದ ಹಾಗೆ ನಡುಗುತ್ತದೆ, ಆ ನಡುಕ ಮೂಳೆಗಳ ಮೂಲಕ ಕಿವಿಗೆ ಹೋಗುತ್ತದೆ. ಹಾಗಾಗಿ ಇವಕ್ಕೆ ಕಿವಿ ಬಹಳ ಸೂಕ್ಷ್ಮ. ನಿಮ್ಮ ಖಾಲಿ ಫೈಬರ್ ದೋಣಿಯೇ ಒಂದು ತಮಟೆ ಅಲ್ವಾ? ಒಳಗೆ ಒಂದು ಟಿಫಿನ್ ಡಬ್ಬಿ ಬಿದ್ದರೂ ಬಹಳ ದೂರಕ್ಕೆ ಸುದ್ದಿ ಹೋಗುತ್ತದೆ. ನಮ್ಮ ಹರಿಗೋಲು ಹಾಕುವವರಿಗೆ ಮೀನು ಸಿಗುವುದರಲ್ಲಿ ಇದರ ಪಾಲೂ ಇದೆ ಎಂದು ನಾನು ನಂಬುತ್ತೇನೆ. ಬಿದಿರಿನ ಹೆಣಿಗೆ ಸದ್ದು ಮಾಡುವುದಿಲ್ಲ.

ದೋಣಿಯ ತಳಕ್ಕೆ ಹಳೆ ಯೋಗ ಮ್ಯಾಟ್ ಅಥವಾ ಎರಡು ಪದರ ಗೋಣಿಚೀಲ ಹಾಸಿ. ಹುಟ್ಟು ಉಜ್ಜುವ ಕಡೆ ಬಟ್ಟೆ ಸುತ್ತಿ. ನೂರು ಮೀಟರ್ ಮೊದಲೇ ಮೋಟಾರ್ ನಿಲ್ಲಿಸಿ, ಉಳಿದ ದಾರಿ ಹುಟ್ಟಿನಲ್ಲಿ ಹೋಗಿ. ಲಂಗರನ್ನು ಎಸೆಯಬೇಡಿ, ಹಗ್ಗ ಬಿಡುತ್ತಾ ಕೈಯಿಂದ ಇಳಿಸಿ. ನಿಂತ ಮೇಲೆ ಹತ್ತು ನಿಮಿಷ ಸುಮ್ಮನೆ ಕೂರಿ. ಮಗಳಿಗೆ ಆ ಹತ್ತು ನಿಮಿಷ ನೀರುಕಾಗೆ ಎಣಿಸುವ ಕೆಲಸ ಕೊಡಿ.

ಮೂರನೆಯದು ದೋಣಿ ನಿಲ್ಲಿಸುವುದು. ಒಂದೇ ಲಂಗರು ಹಾಕಿದರೆ ದೋಣಿ ಗಾಳಿಗೆ ಗಡಿಯಾರದ ಲೋಲಕದ ಹಾಗೆ ಆಡುತ್ತದೆ. ಗಾಳ ಜಾಗ ಬಿಡುತ್ತದೆ, ದಾರ ಸಡಿಲವಾಗುತ್ತದೆ, ಕಚ್ಚಿದ್ದು ಗೊತ್ತಾಗುವುದಿಲ್ಲ. ನಿಂತ ನೀರಿನ ಕೆರೆಯಲ್ಲಿ ಮೂತಿಯನ್ನು ಗಾಳಿಗೆ ಕೊಟ್ಟು ಮುಂದೆ ಭಾರದ ಲಂಗರು ಹಾಕಿ, ಹಿಂದೆ ಹಗುರವಾದದ್ದನ್ನು ಬರೀ ಅಲುಗಾಟ ತಡೆಯಲು ಇಳಿಸಿ. ಹಗ್ಗ ಆಳದ ಮೂರರಿಂದ ಐದು ಪಟ್ಟು ಉದ್ದ ಇರಲಿ. ನೇರ ಕೆಳಗೆ ಬಿಟ್ಟರೆ ಲಂಗರು ಹೂಳಿನಲ್ಲಿ ಹಿಡಿಯುವುದಿಲ್ಲ. ಗಾಳಿ ಜೋರಾದರೆ ಮೊದಲು ಹಿಂದಿನದನ್ನು ಎತ್ತಿ.

ಹರಿಯುವ ನೀರಿನಲ್ಲಿ ಮಾತ್ರ ಹಿಂದಿನಿಂದ ಲಂಗರು ಕಟ್ಟಲೇಬೇಡಿ. ಶ್ರೀರಂಗಪಟ್ಟಣದ ಕೆಳಗಡೆ ಕಾವೇರಿಯಲ್ಲಿ ನಾನು ಒಮ್ಮೆ ಹಾಗೆ ಕಟ್ಟಲು ಹೊರಟಿದ್ದೆ. ಪಕ್ಕದಲ್ಲಿ ಹರಿಗೋಲಿನಲ್ಲಿದ್ದ ಹಿರಿಯ ಅಂಬಿಗರು ಕೂಗಿ ಹೇಳಿದರು: "ಸಾಮಿ, ಹಿಂದ್ಗಡೆ ಕಟ್ಬ್ಯಾಡಿ, ಹೊಳೆ ಒಳಕ್ಕೆ ನುಗ್ತದೆ." ದೋಣಿಯ ಮೂತಿ ನೀರನ್ನು ಸೀಳಲು ಮಾಡಿದ್ದು. ಹಿಂಭಾಗ ಚಪ್ಪಟೆ ಮತ್ತು ತಗ್ಗು, ಮೋಟಾರಿನ ಭಾರ ಬೇರೆ. ಹರಿವು ಅಲ್ಲಿಗೆ ಬಡಿದರೆ ಕ್ಷಣದಲ್ಲಿ ನೀರು ತುಂಬುತ್ತದೆ. ಅವರ ಆ ಒಂದು ಮಾತಿಗೆ ನಾನು ಇಂದಿಗೂ ಋಣಿ.

ಆಳ ಎಷ್ಟಿರಬೇಕು ಎನ್ನುವುದನ್ನು ಮೀನಿನ ಬಾಯಿಯೇ ಹೇಳುತ್ತದೆ. ಕಾಟ್ಲಾದ ಬಾಯಿ ಮೇಲಕ್ಕೆ ತೆರೆದಿರುತ್ತದೆ, ಅದು ಮೇಲ್ಪದರದಲ್ಲಿ ತಿನ್ನುವ ಮೀನು. ರೋಹು ನಡುನೀರಿನದು. ಮೃಗಾಲ್ ಮತ್ತು ಸಾಮಾನ್ಯ ಗೆಂಡೆಯ ಬಾಯಿ ಕೆಳಮುಖ, ತಳದ ಕೆಸರಿನಲ್ಲಿ ಹುಡುಕುತ್ತವೆ. ಸೀಸದ ಗುಂಡು ಇಳಿಸಿ ಮೊದಲು ಆಳ ಅಳೆದು, ಆಮೇಲೆ ಬೆಂಡನ್ನು ಸರಿಸಿ. ಎರೆಗೆ ಗಟ್ಟಿಯಾಗಿ ಬೇಯಿಸಿದ ರಾಗಿ ಮುದ್ದೆಯನ್ನು ನಾನು ಯಾವ ಅಂಗಡಿ ಮಾಲಿಗೂ ಬಿಟ್ಟುಕೊಡುವುದಿಲ್ಲ. ಕಾವೇರಿಯಲ್ಲಿ ಬಿಳಿಮೀನಿಗೆ, ಅಂದರೆ ಮಹಶೀರ್‌ಗೆ, ತಲೆಮಾರುಗಳಿಂದ ಕಟ್ಟಿದ್ದು ಇದನ್ನೇ. ಸ್ವಲ್ಪ ಕಡಲೆಕಾಯಿ ಹಿಂಡಿಯ ಪುಡಿ ಸೇರಿಸಿ ಚೆನ್ನಾಗಿ ನಾದಿ, ನೆಲ್ಲಿಕಾಯಿ ಗಾತ್ರಕ್ಕೆ ಕಟ್ಟಿ. ಮೀನು ಕರೆಯಲು ನೀರಿಗೆ ಹಾಕುವ ಹಿಂಡಿ ಉಂಡೆ ಒಂದು ತೆಂಗಿನಕಾಯಿಯಷ್ಟು ಸಾಕು. ಜಾಸ್ತಿಯಾದದ್ದು ತಳದಲ್ಲಿ ಕೊಳೆತು ನೀರಿನ ಆಮ್ಲಜನಕವನ್ನೇ ತಿನ್ನುತ್ತದೆ. ಕೊರಮೀನಿನ ಕೆಂಪು ಮರಿಗಳ ಹಿಂಡು ಮೇಲ್ಮೈಯಲ್ಲಿ ಕಂಡರೆ ಅಲ್ಲಿ ಗಾಳ ಹಾಕಬೇಡಿ. ಕೆಳಗೆ ತಾಯಿತಂದೆ ಕಾವಲಿರುತ್ತವೆ, ಅವನ್ನು ಹಿಡಿದರೆ ಇಡೀ ಹಿಂಡು ಬೇರೆ ಮೀನಿನ ಪಾಲು.

ನೀವು ಸಂಘದವರ ಒಪ್ಪಿಗೆ ಪಡೆದಿದ್ದೀರಿ, ಒಳ್ಳೆಯದು. ನಮ್ಮಲ್ಲಿ ಕೆರೆಯ ಮೀನಿನ ಹಕ್ಕನ್ನು ಸಂಘಕ್ಕೋ ಗುತ್ತಿಗೆದಾರರಿಗೋ ಕೊಟ್ಟಿರುತ್ತಾರೆ. 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯ್ದೆಯೂ ಇದೆ. ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಒಮ್ಮೆ ವಿಚಾರಿಸಿ, ಒಪ್ಪಿಗೆಯನ್ನು ಬರಹದಲ್ಲಿ ಇಟ್ಟುಕೊಳ್ಳಿ. ಮೋಟಾರ್ ದೋಣಿಗೆ 2021ರ ಒಳನಾಡು ಹಡಗು ಕಾಯ್ದೆಯ ಪ್ರಕಾರ ನೋಂದಣಿ ಬೇಕಾಗಬಹುದು, ಅದನ್ನೂ ಕೇಳಿ. ದೋಣಿ ಇದೆ ಎಂದು ಕಾವೇರಿ ವನ್ಯಧಾಮದ ಕಡೆಗೆ ಮಾತ್ರ ಹೋಗಬೇಡಿ. ಅಲ್ಲಿನ ಡುಬ್ಬದ ಮಹಶೀರ್ ಅಳಿವಿನ ಅಂಚಿನಲ್ಲಿದೆ. ನಗರದೊಳಗಿನ, ಕೊಳಚೆ ಸೇರುವ ಕೆರೆಯ ಮೀನನ್ನು ಮನೆಗೆ ತರಬೇಡಿ, ಅದರಲ್ಲೂ ಮಗುವಿಗೆ ತಿನ್ನಿಸಬೇಡಿ. ಒಂದು ಕೆರೆಯಿಂದ ಇನ್ನೊಂದಕ್ಕೆ ದೋಣಿ ಒಯ್ಯುವ ಮುಂಚೆ ನೀರೆಲ್ಲ ಬಸಿದು, ತೊಳೆದು, ಬಿಸಿಲಿಗೆ ಒಣಗಿಸಿ. ಅಂತರಗಂಗೆಯ ಒಂದು ತುಂಡು ಸಾಕು, ಇಡೀ ಕೆರೆ ಮುಚ್ಚಲು.

ಈಗ ಓಡಿಸದ ದಿನಗಳಲ್ಲಿ ದೋಣಿಯನ್ನು ಇಡುವ ಮಾತು. ನಾನು ನೋಡಿದ ಹಾಳಾದ ದೋಣಿಗಳಲ್ಲಿ ಹೆಚ್ಚಿನವು ಹಾಳಾದದ್ದು ಕೆರೆಯಲ್ಲಲ್ಲ, ಓಡಿಸದೆ ಬಿಟ್ಟಿದ್ದ ತಿಂಗಳುಗಳಲ್ಲಿ, ನೆಲದ ಮೇಲೆ. ನಿಮ್ಮದರ ಹಲಗೆಯೂ ಹಾಗೇ ಹೋಗಿದ್ದರೆ ಆಶ್ಚರ್ಯವಿಲ್ಲ. ಬಾಯಿ ಮೇಲೆ ಮಾಡಿ ಇಟ್ಟ 12 ಅಡಿಯ ದೋಣಿಯಲ್ಲಿ 10 ಸೆಂ.ಮೀ. ಮಳೆನೀರು ನಿಂತರೆ ಸುಮಾರು 300 ಲೀಟರ್. ಅಂದರೆ 300 ಕೆ.ಜಿ. ಭಾರ ದೋಣಿಯ ಬೆನ್ನೆಲುಬನ್ನು ದಿನವೂ ಜಗ್ಗುತ್ತದೆ. ಆ ನೀರಿನಲ್ಲಿ ಡೆಂಗಿ ಸೊಳ್ಳೆ ಮೊಟ್ಟೆ ಇಡುತ್ತದೆ, ಅಕ್ಕಪಕ್ಕದವರು ದೂರು ಕೊಟ್ಟರೂ ತಪ್ಪಿಲ್ಲ. ಟೈರ್‌ಗಳ ಮೇಲೆ ಬೋರಲು ಹಾಕಿ. ನೆಟ್ಟಗೇ ಇಡಬೇಕಾದರೆ ಬಿರಡೆ ತೆಗೆದು ಮೂತಿಯನ್ನು ಎತ್ತರಿಸಿ. ಟಾರ್ಪಾಲನ್ನು ದೋಣಿಗೆ ಅಂಟಿದ ಹಾಗೆ ಬಿಗಿಯಬೇಡಿ, ಬಿದಿರಿನ ಗಳು ಕೊಟ್ಟು ಹೆಂಚಿನ ಮನೆಯ ಸೂರಿನಂತೆ ಇಳಿಜಾರು ಮಾಡಿ, ಗಾಳಿ ಆಡಲಿ. ವರ್ಷಕ್ಕೆ ಎರಡು ಸಲ ಮೇಣದ ಪಾಲಿಶ್ ಹಾಕಿದರೆ ಬಿಸಿಲಿಗೆ ಜೆಲ್‌ಕೋಟ್ ಸುಣ್ಣದ ಹಾಗೆ ಉದುರುವುದಿಲ್ಲ. ಸೀಟಿನ ಕೆಳಗಿನ ಥರ್ಮೋಕೋಲನ್ನು ಇಲಿ ಕಡಿದಿದೆಯಾ ನೋಡಿ. ದೋಣಿ ಮಗುಚಿದರೂ ಅದನ್ನು ತೇಲಿಸುವುದು ಅದೇ.

ದೋಣಿ ಹಾಗೆ ತೇಲುತ್ತದೆಯೇ ಎಂದು ಪರೀಕ್ಷೆ ಮಾಡದೆ ಮಗಳನ್ನು ಹತ್ತಿಸಬೇಡಿ. ರಿಪೇರಿ ಮುಗಿದ ಮೇಲೆ, ಬಹುಶಃ ಫೆಬ್ರುವರಿ ಕೊನೆಗೆ, ಸೊಂಟದಷ್ಟು ನೀರಿರುವ ಕಡೆ ದೋಣಿ ಇಳಿಸಿ. ಮೋಟಾರ್ ಕಳಚಿ ಅದರ ತೂಕದ ಮರಳು ಮೂಟೆಯನ್ನು ಹಿಂದೆ ಕಟ್ಟಿ. ಬಕೆಟಿನಿಂದ ಅಂಚಿನವರೆಗೆ ನೀರು ತುಂಬಿ. ತುಂಬಿದ ಮೇಲೂ ಅಂಚು ನೀರಿನ ಮೇಲೆ ಕಂಡು, ನೀವು ಹಿಡಿದು ನೇತಾಡಿದರೂ ಮುಳುಗದಿದ್ದರೆ ಅದು ಹತ್ತಬಹುದಾದ ದೋಣಿ. ಮುಳುಗಿದರೆ ಸೀಟಿನ ಕೆಳಗೆ ಇನ್ನಷ್ಟು ಫೋಮ್ ತುಂಬಿ ಮತ್ತೆ ನೋಡಿ. ಮಗಳಿಗೆ ಅವಳ ತೂಕದ ಅಳತೆಯ ಲೈಫ್ ಜಾಕೆಟ್ ಕೊಡಿಸಿ, ಕಾಲಿನ ನಡುವೆ ಪಟ್ಟಿ ಇರುವಂಥದ್ದು. ದೊಡ್ಡವರದ್ದನ್ನು ಹಾಕಿದರೆ ನೀರಿಗೆ ಬಿದ್ದಾಗ ತಲೆಯ ಮೇಲಿಂದ ಜಾರಿ ಹೋಗುತ್ತದೆ. ಅದೇ ದಿನ, ಅದೇ ಸೊಂಟದಷ್ಟು ನೀರಿನಲ್ಲಿ ಅವಳಿಗೆ ಜಾಕೆಟ್ ಹಾಕಿ ಅಂಗಾತ ತೇಲಿಸಿ, ದೋಣಿ ಮಗುಚಿದರೆ ದಡಕ್ಕೆ ಈಜದೆ ದೋಣಿಯನ್ನೇ ಹಿಡಿದುಕೊಳ್ಳಬೇಕು ಎಂದು ಆಟದ ಹಾಗೆ ಮಾಡಿಸಿ. ಮೊದಲ ಕೆಲವು ಸಲ ಬೆಳಗ್ಗೆ ಆರಕ್ಕೆ ಹೋಗಿ ಹತ್ತಕ್ಕೆ ವಾಪಸ್ ಬನ್ನಿ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಕೇಳಿಸಿದರೆ ಕಾರ್ಬನ್ ಫೈಬರ್ ಕೋಲನ್ನು ಮಲಗಿಸಿ ನೇರ ದಡಕ್ಕೆ ಬನ್ನಿ. ಆ ಕೋಲಿನಲ್ಲಿ ವಿದ್ಯುತ್ ಹರಿಯುತ್ತದೆ. ಬಯಲು ನೀರಿನ ಮೇಲೆ ಅದಕ್ಕಿಂತ ಎತ್ತರದ್ದು ಬೇರೇನೂ ಇರುವುದಿಲ್ಲ.